ಅಪ್ಪ ಎಲ್ಲಿ ಅಂತ ಅಮ್ಮ ಕೇಳಿದ್ರೆ ಏನು ಹೇಳೋದು

ನಮ್ಮಮ್ಮನಿಗೆ ಆಲ್ಝೈಮರ್ಸ್, ನೆನಪು ಅಳಿಸ್ತಾ ಹೋಗೋ ಮಿದುಳಿನ ಕಾಯಿಲೆ. ಅಪ್ಪ ತೀರ್ಕೊಂಡು ವರ್ಷಗಳೇ ಆಗಿವೆ, ಆದ್ರೆ ಅಮ್ಮನ ತಲೇಲಿ ಅದು ಉಳಿದಿಲ್ಲ, "ಅವ್ರು ಯಾಕೆ ಇನ್ನೂ ಬಂದಿಲ್ಲ" ಅಂತ ಕೇಳ್ತಾನೇ ಇರ್ತಾಳೆ. ಈ ಒಂದು ಪ್ರಶ್ನೆಗೆ ಏನು ಉತ್ತರ ಕೊಡ್ಬೇಕು ಅನ್ನೋ ವಿಷಯಕ್ಕೆ ಅಣ್ಣ, ಅತ್ತಿಗೆ, ನಾನು ಮೂರು ಜನ ಮೂರು ದಿಕ್ಕಾಗಿ, ಮಾತು ಬಿಡೋ ಮಟ್ಟಕ್ಕೆ ಹೋಗಿ, ಆಮೇಲೆ ನಿಧಾನಕ್ಕೆ ಒಂದು ದಾರಿ ಮಾಡ್ಕೊಂಡ್ವಿ. ಇಂಥದ್ದೇ ಪರಿಸ್ಥಿತಿಲಿರೋ ಮನೆಗಳು ತುಂಬಾ ಇವೆ ಅಂತ ಗೊತ್ತು, ಅವ್ರಿಗೆ ಏನಾದ್ರೂ ಉಪಯೋಗಕ್ಕೆ ಬರಬಹುದು ಅಂತ ನಡೆದದ್ದನ್ನ ನಡೆದ ಹಾಗೇ ಬರೀತಿದೀನಿ.

ಶುರುವಿಂದ ಹೇಳ್ಬೇಕಂದ್ರೆ ಈ ನಿಜ ಸುಳ್ಳಿನ ಜಗಳ ಅಪ್ಪನ ವಿಷಯದಲ್ಲಿ ಶುರುವಾಗಿದ್ದಲ್ಲ, ಕಾಯಿಲೆ ಹೆಸರು ಗೊತ್ತಾದ ದಿನಾನೇ ಶುರುವಾಯ್ತು. ಅಮ್ಮ ಹೇಳಿದ್ದನ್ನೇ ಹೇಳ್ತಿದ್ಲು, ಗೊತ್ತಿರೋ ದಾರಿ ತಪ್ತಿದ್ಲು, ಲೆಕ್ಕದಲ್ಲಿ ಎತ್ತಿದ ಕೈ ಅನ್ನಿಸ್ಕೊಂಡವಳು ಚಿಲ್ಲರೆ ಎಣಿಸೋಕೂ ತಡಬಡಾಯಿಸ್ತಿದ್ಲು. ಡಾಕ್ಟರು ಮೂರು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳಿದ್ರು, ನೂರರಿಂದ ಏಳೇಳು ಕಳೀತಾ ಹೋಗಿ ಅಂದ್ರು, ಗಡಿಯಾರದ ಚಿತ್ರ ಬರೆಸಿದ್ರು. ಥೈರಾಯ್ಡ್, ಬಿ12 ಕಮ್ಮಿ ಇದ್ರೂ ಮರೆವು ಬರುತ್ತಂತೆ, ಅದಕ್ಕೆ ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಯ್ತು. ಕೊನೆಗೆ ಅಮ್ಮನ್ನ ಒಳಗೆ ಕೂರಿಸಿ ನಮ್ಮನ್ನ ಹೊರಗೆ ಕರೆದು ಹೇಳಿದ್ರು.

ಹೊರಗೆ ಕರೆದು ಹೇಳೋದು, ಇದೇ ನೋಡಿ ಮೊದಲನೇ ಕೊಂಡಿ. ಕಾಯಿಲೆ ಯಾರದ್ದೋ ಅವ್ರನ್ನ ಬಿಟ್ಟು ಉಳಿದವ್ರಿಗೆಲ್ಲ ಹೇಳಿಬಿಟ್ರೆ ಅಲ್ಲಿಂದ ಮುಂದೆ ಮನೆಮಂದಿಯೆಲ್ಲ ಗುಟ್ಟು ಕಾಯೋರೇ ಆಗ್ತಾರೆ. ನೆಂಟರೆಲ್ಲ ಒಂದೇ ಮಾತು, "ಅವಳಿಗೆ ಹೇಳ್ಬೇಡಿ, ಕುಸಿದು ಹೋಗ್ತಾಳೆ, ವಯಸ್ಸಿನ ಮರೆವು ಅಂತ ಹೇಳಿ ಸಾಕು." ಅತ್ತಿಗೆಗೂ ಹಾಗೇ ಅನ್ನಿಸಿತ್ತು. ಅಣ್ಣ ಒಪ್ಪಲೇ ಇಲ್ಲ, ಹೇಳ್ಲೇಬೇಕು ಅಂದ. ಆ ವಿಷಯದಲ್ಲಿ ನಾನು ಅಣ್ಣನ ಕಡೆ, ಇವತ್ತಿಗೂ ಅದೇ ಸರಿ ಅಂತ ಗಟ್ಟಿಯಾಗಿ ಹೇಳ್ತೀನಿ. ಯಾಕಂದ್ರೆ ಕಾಯಿಲೆ ಶುರುವಿನ ಹಂತದಲ್ಲಿದ್ದಾಗ ಆ ವ್ಯಕ್ತಿಗೆ ಇನ್ನೂ ತೀರ್ಮಾನ ತಗೊಳೋ ಶಕ್ತಿ ಇರುತ್ತೆ, ಆಸ್ತಿ ಹಣದ ವಿಷಯ, ಮುಂದೆ ಯಾರ ಜೊತೆ ಇರ್ಬೇಕು, ತೀರಾ ಹದಗೆಟ್ಟಾಗ ಎಂಥ ಚಿಕಿತ್ಸೆ ಬೇಕು ಎಂಥದ್ದು ಬೇಡ, ಇದೆಲ್ಲ ಅವ್ರ ಬಾಯಲ್ಲೇ ಹೇಳಿಸ್ಕೊಳೋಕೆ ಸಿಗೋ ಸಮಯ ಅದೊಂದೇ. ದಯೆ ಅಂತ ಹೇಳಿ ಮುಚ್ಚಿಟ್ರೆ ಆ ಸಮಯಾನ ಅವ್ರ ಕೈಯಿಂದ ಕಿತ್ಕೊಂಡ ಹಾಗೆ.

ಈ ಮುಚ್ಚಿಡೋ ಅಭ್ಯಾಸ ನಮ್ಮನೆದೊಂದೇ ಅಲ್ಲ. 1961ರಲ್ಲಿ ಅಮೆರಿಕದಲ್ಲಿ ವೈದ್ಯರನ್ನ ಕೇಳಿ ಮಾಡಿದ ಒಂದು ಸಮೀಕ್ಷೇಲಿ 90 ಪರ್ಸೆಂಟ್ ಜನ ಕ್ಯಾನ್ಸರ್ ಇದೆ ಅಂತ ರೋಗಿಗೆ ಹೇಳದೇ ಇರೋದೇ ಒಳ್ಳೇದು ಅಂದಿದ್ರು. 1979ರಲ್ಲಿ ಪ್ರಕಟವಾದ ಅಂಥದ್ದೇ ಸಮೀಕ್ಷೇಲಿ ಅದು ಪೂರ್ತಿ ತಲೆಕೆಳಗಾಗಿ 97 ಪರ್ಸೆಂಟ್ ಜನ ಹೇಳ್ಬೇಕು ಅಂದ್ರು. ಇಪ್ಪತ್ತು ವರ್ಷದೊಳಗೆ ಒಂದಿಡೀ ವೃತ್ತಿಯ ಮನಸ್ಸೇ ಬದಲಾಯ್ತು ಅಂದ್ರೆ, ಮುಚ್ಚಿಡೋದೇ ಕರುಣೆ ಅನ್ನೋದು ಕಲ್ಲಲ್ಲಿ ಕೊರೆದ ಮಾತೇನಲ್ಲ.

ಅಣ್ಣ ಅಮ್ಮನ ಪಕ್ಕ ಕೂತು ನಿಧಾನಕ್ಕೆ ಹೇಳಿದ. ಅಮ್ಮ ಕುಸಿದು ಹೋಗ್ಲಿಲ್ಲ. "ನನ್ ತಲೆ ನನ್ ಮಾತು ಕೇಳ್ತಿಲ್ಲ ಅಂತ ನಂಗೆ ನಿಮಗಿಂತ ಮೊದ್ಲೇ ಗೊತ್ತು ಕಣೋ, ನೀವು ಬಾಗಿಲ ಹಿಂದೆ ಪಿಸುಪಿಸು ಅಂತಿದ್ರಲ್ಲ, ಅದಕ್ಕೇ ಜಾಸ್ತಿ ಹೆದರಿಕೆ ಆಗ್ತಿತ್ತು" ಅಂದ್ಲು. ಆಮೇಲೆ ನಮ್ಮಿಬ್ಬರ ಕೈ ಹಿಡ್ಕೊಂಡು, "ಇನ್ಮೇಲೆ ನನ್ ಹತ್ರ ಏನೂ ಮುಚ್ಚಿಡಬಾರ್ದು, ಮಾತು ಕೊಡಿ" ಅಂದ್ಲು. ಕೊಟ್ವಿ.

ಆ ಮಾತೇ ಮುಂದೆ ನಮ್ಮನ್ನ ಕಟ್ಟಿಹಾಕಿದ್ದು.

ಕಾಯಿಲೆ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಗೊತ್ತಿದ್ರೆ ಮುಂದಿನದ್ದು ಅರ್ಥ ಆಗುತ್ತೆ. ಮಿದುಳಲ್ಲಿ ಹಿಪ್ಪೊಕ್ಯಾಂಪಸ್ ಅಂತ ಒಂದು ಭಾಗ ಇದೆ, ಹೊಸದಾಗಿ ನಡೆದದ್ದನ್ನ ನೆನಪಾಗಿ ಉಳಿಸೋಕೆ ಅದು ಬೇಕು, ಆಲ್ಝೈಮರ್ಸ್‌ನಲ್ಲಿ ಬೇಗ ಪೆಟ್ಟು ಬೀಳೋ ಜಾಗಗಳಲ್ಲಿ ಅದೂ ಒಂದು. ಹಾಗಾಗಿ ಈಚಿನದ್ದು ಮೊದಲು ಅಳಿಸಿ ಹೋಗುತ್ತೆ, ಹಳೇದು ಜಾಸ್ತಿ ಕಾಲ ಉಳಿಯುತ್ತೆ. ಅಮ್ಮನ ಪಾಲಿಗೆ ಅಪ್ಪನ ಜೊತೆ ಕಳೆದ ಅಷ್ಟೂ ವರ್ಷ ಹಾಗೇ ಇದೆ, ಅಪ್ಪ ಹೋಗಿದ್ದು ಮಾತ್ರ ಇಲ್ಲ. ಅವಳ ಲೆಕ್ಕದಲ್ಲಿ ಗಂಡ ಬೆಳಿಗ್ಗೆ ಹೊರಗೆ ಹೋಗಿದಾರೆ, ಹೊತ್ತಾಯ್ತು, ಇನ್ನೂ ಬಂದಿಲ್ಲ. ಅವಳು ಕೇಳೋದ್ರಲ್ಲಿ ತಪ್ಪೇನಿದೆ.

ಮೊದಮೊದಲು ಅಣ್ಣನೇ ಉತ್ತರ ಕೊಡ್ತಿದ್ದ, ಕೊಟ್ಟ ಮಾತಿನ ಹಾಗೆ. "ಅಮ್ಮ, ಅಪ್ಪ ಇಲ್ಲ, ತೀರ್ಕೊಂಡು ಎಷ್ಟೋ ವರ್ಷ ಆಯ್ತು." ಅಮ್ಮನ ಮುಖ ನೋಡೋಕಾಗ್ತಿರ್ಲಿಲ್ಲ. ಅವಳಿಗೆ ಅದು ಹಳೇ ಸುದ್ದಿಯ ನೆನಪಲ್ಲ, ಆಗ ತಾನೇ ಬಂದ ಸಾವಿನ ಸುದ್ದಿ. "ಯಾವಾಗ? ಹೇಗೆ?" ಅಂತ ಕೇಳಿ, ಆಮೇಲೆ "ನಂಗ್ಯಾಕೆ ಯಾರೂ ಹೇಳ್ಲಿಲ್ಲ, ನನ್ನ ಬಿಟ್ಟು ಎಲ್ಲ ಮುಗಿಸಿಬಿಟ್ರಾ" ಅಂತ ಕೇಳ್ತಿದ್ಲಲ್ಲ, ಆ ಎರಡನೇ ಮಾತಿಗೆ ಕರುಳು ಕಿತ್ತು ಬರ್ತಿತ್ತು. ನಿಜ ಹೇಳಿದ್ದಕ್ಕೇ, ಮುಚ್ಚಿಟ್ಟೋರು ಅನ್ನಿಸ್ಕೊಳೋ ಹಾಗಾಯ್ತು. ಅತ್ತು ಅತ್ತು ಸುಸ್ತಾಗಿ ಮಲಗಿ ಎದ್ದಮೇಲೆ ಮತ್ತೆ ಅದೇ ಪ್ರಶ್ನೆ, ಅದೇ ಸಾವು.

ಮರೆತು ಹೋಗ್ತಾಳಲ್ಲ ಬಿಡಿ ಅಂತ ಕೆಲವ್ರು ಅಂತಾರೆ. ಮರೆಯೋದು ಸುದ್ದೀನ ಅಷ್ಟೇ, ಸಂಕಟಾನ ಅಲ್ಲ. ಅಯೋವಾ ವಿಶ್ವವಿದ್ಯಾಲಯದವ್ರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ಆಲ್ಝೈಮರ್ಸ್ ಇರೋ 17 ಜನಕ್ಕೆ ದುಃಖದ ಸಿನಿಮಾ ತುಣುಕು, ಖುಷಿ ತುಣುಕು ತೋರ್ಸಿ ನೋಡಿದ್ರು. ಏನು ನೋಡಿದ್ವಿ ಅನ್ನೋದು ಅವ್ರಿಗೆ ಹೆಚ್ಚು ಕಮ್ಮಿ ಹೋಗೇಬಿಟ್ಟಿತ್ತು, ಆದ್ರೆ ದುಃಖ ಆಮೇಲೂ ಉಳಿದಿತ್ತು. ಇದನ್ನ ಓದಿದಾಗ ನಂಗೆ ಅಮ್ಮನ ಸಂಜೆಗಳು ಅರ್ಥ ಆದ್ವು. ಮಧ್ಯಾಹ್ನ ಅಪ್ಪನ ಸುದ್ದಿ ಕೇಳಿದ ದಿನ ಸಂಜೆ ತನಕ ಯಾಕೆ ಅಂತ ಗೊತ್ತಿಲ್ದೆ ಕೈ ಹಿಸುಕ್ತಾ ಮನೆ ತುಂಬ ಓಡಾಡ್ತಿದ್ಲು, ಯಾರಾದ್ರೂ ಹತ್ರ ಹೋದ್ರೆ ಸಿಡುಕ್ತಿದ್ಲು. ಕಾರಣ ಮರೆತ ದುಃಖಕ್ಕೆ ಸಮಾಧಾನ ಹೇಳೋದು ಹೇಗೆ?

ದಿನವಿಡೀ ಅಮ್ಮನ ಜೊತೆ ಇರ್ತಿದ್ದೋಳು ಅತ್ತಿಗೆ. ಅವಳು ಯಾರನ್ನೂ ಕೇಳದೆ ತನ್ನದೇ ಉತ್ತರ ಶುರು ಮಾಡಿದ್ಲು, "ಮಾವ ಕೆಲ್ಸದ ಮೇಲೆ ಹೋಗಿದಾರೆ ಅತ್ತೆ, ಬರ್ತಾರೆ." ಆ ಕ್ಷಣಕ್ಕೆ ಅಮ್ಮ ತಣ್ಣಗಾಗ್ತಿದ್ಲು, ಮನೆ ಉಸಿರಾಡ್ತಿತ್ತು. ಆದ್ರೆ ಈ ಸುಳ್ಳೂ ಪುಕ್ಕಟೆ ಅಲ್ಲ ಅಂತ ಗೊತ್ತಾಗೋಕೆ ಜಾಸ್ತಿ ಕಾಲ ಬೇಕಾಗ್ಲಿಲ್ಲ. ಬರ್ತಾರೆ ಅಂದ್ಮೇಲೆ ಕಾಯ್ಬೇಕಲ್ಲ. ಯಾರು ಹೇಳಿದ್ದು ಏನು ಹೇಳಿದ್ದು ಅನ್ನೋದು ಮರೆತ್ರೂ ಯಾರೋ ಬರೋರಿದಾರೆ ಅನ್ನೋ ತಳಮಳ ಮಾತ್ರ ಇರ್ತಿತ್ತು, ಬಾಗಿಲ ಹತ್ರ ಹೋಗಿ ನಿಲ್ತಿದ್ಲು, ಕತ್ತಲಾದ್ರೆ ಭಯ, ಏನೋ ಆಗಿರ್ಬೇಕು ಅಂತ. ಕೆಲವು ದಿನ ಅಪ್ಪನ ಮೇಲೆ ಕೋಪ, "ನನ್ನ ಬಿಟ್ಟು ಹೋಗಿದಾರೆ, ನೀವೆಲ್ಲ ಸೇರಿ ನಂಗೆ ಸುಳ್ಳು ಹೇಳ್ತಿದೀರ" ಅಂತ. ಬದುಕಿದ್ದಾಗ ಒಂದು ದಿನಾನೂ ಹೇಳದೇ ಹೊರಗೆ ಉಳೀದ ಮನುಷ್ಯ ನಮ್ಮಪ್ಪ, ಅವ್ರ ಮೇಲೆ ಅಮ್ಮನಿಗೆ ಅಂಥ ಅನುಮಾನ ಬರೋ ಹಾಗಾಗಿದ್ದು ಅಣ್ಣನಿಗೆ ತಡ್ಕೊಳೋಕೆ ಆಗ್ಲಿಲ್ಲ. ಅದ್ರ ಮೇಲೆ ಬೆಳಿಗ್ಗೆ ಅಣ್ಣ ಒಂದು ಹೇಳೋದು, ಮಧ್ಯಾಹ್ನ ಅತ್ತಿಗೆ ಇನ್ನೊಂದು ಹೇಳೋದು, ನಾನು ಬಂದಾಗ ಮಾತು ಮರೆಸೋಕೆ ನೋಡೋದು, ಅಮ್ಮ ನಮ್ಮ ಮುಖಗಳನ್ನೇ ಓದೋಕೆ ಶುರು ಮಾಡಿದ್ಲು. ಕೇಳಿದ ಮಾತು ಮರೆತು ಹೋದ್ರೂ ಮುಖ ಓದೋದು ಹೋಗಿರ್ಲಿಲ್ಲ.

ಒಂದು ರಾತ್ರಿ ಅಮ್ಮ ಮಲಗಿದ್ಮೇಲೆ ಜಗಳ ಹತ್ತಿಕೊಳ್ತು. ಅಣ್ಣ, "ಅಮ್ಮನಿಗೆ ಮಾತು ಕೊಟ್ಟಿದೀವಿ, ತಲೆ ಸರಿ ಇದ್ದಾಗ ಅವಳೇ ಕೇಳಿದ್ದು, ಈಗ ಅವಳಿಗೆ ಗೊತ್ತಾಗಲ್ಲ ಅಂತ ನಮಗೆ ಬೇಕಾದ ಹಾಗೆ ಆಟ ಆಡಿಸೋದಾ?" ಅಂದ. ಅತ್ತಿಗೆ, "ಮಾತು ಕೊಟ್ಟಿದ್ದು ನೀವು, ದಿನಾ ಅವ್ರು ಎದೆ ಬಡ್ಕೊಂಡು ಅಳೋದನ್ನ ನೋಡೋದು ನಾನು" ಅಂದ್ಲು. ಇಬ್ಬರ ಮಾತೂ ನಿಜ. ಅವತ್ತಿನ ಅಮ್ಮ ನಿಜ ಬೇಕು ಅಂದಿದ್ಲು, ಇವತ್ತಿನ ಅಮ್ಮನಿಗೆ ಆ ನಿಜ ಪ್ರತಿ ಸಲ ಹೊಸ ಗಾಯ. ಯಾವ ಅಮ್ಮನ ಮಾತು ಕೇಳೋದು? ನನಗಂತೂ ಒಂದು ಅನ್ನಿಸ್ತು, ಮುಚ್ಚಿಡಬೇಡಿ ಅಂತ ಅಮ್ಮ ಕೇಳಿದ್ದು ತನ್ನನ್ನ ಮನುಷ್ಯಳ ಹಾಗೆ ಲೆಕ್ಕಕ್ಕಿಡಿ, ಬಾಗಿಲಾಚೆ ನಿಲ್ಲಿಸಬೇಡಿ ಅಂತ, ದಿನಾ ನನ್ನ ವಿಧವೆ ಮಾಡಿ ಅಂತ ಅಲ್ಲ. ಆದ್ರೆ ಅವಳನ್ನೇ ಕೇಳಿ ಖಾತ್ರಿ ಮಾಡ್ಕೊಳೋ ಕಾಲ ದಾಟಿತ್ತು. ಕಾಯಿಲೆ ಶುರುವಲ್ಲಿರೋ ಮನೆಯವ್ರಿಗೆ ಇದೊಂದು ಹೇಳ್ತೀನಿ, ಈ ಪ್ರಶ್ನೆಯನ್ನೂ ಆಗ್ಲೇ ಕೇಳಿಟ್ಕೊಳಿ, ಮುಂದೆ ನೆನಪು ತೀರಾ ಹೋದಾಗ ನೋವಾಗೋ ವಿಷಯ ಕೇಳಿದ್ರೆ ಏನು ಹೇಳ್ಬೇಕು ಅಂತ. ಕೇಳೋಕೆ ಕಷ್ಟ, ಆದ್ರೂ ಕೇಳಿ.

ಆಮೇಲೆ ಇಂಥ ಮನೆಗಳಿಗೆ ಸಲಹೆ ಕೊಡೋ ಒಬ್ಬ ನರ್ಸ್ ಹತ್ರ ಹೋದ್ವಿ. ಅವ್ರು ನಮ್ಮ ಜಗಳ ಪೂರ್ತಿ ಕೇಳಿ, ಇದು ನಿಮ್ಮನೆ ಜಗಳ ಅಷ್ಟೇ ಅಲ್ಲ, ಈ ಕ್ಷೇತ್ರದಲ್ಲೇ ದಶಕಗಳಿಂದ ನಡೀತಿರೋದು ಅಂದ್ರು. ಒಂದು ಕಾಲದಲ್ಲಿ ರಿಯಾಲಿಟಿ ಓರಿಯೆಂಟೇಶನ್ ಅಂತ, ಇವತ್ತು ಯಾವ ದಿನ, ನೀವೆಲ್ಲಿದೀರಿ, ಯಾರಿದಾರೆ ಯಾರಿಲ್ಲ ಅಂತ ಮತ್ತೆ ಮತ್ತೆ ತಿದ್ದಿ ಹೇಳೋದೇ ಸರಿ ಅಂತಿತ್ತಂತೆ. ವಯಸ್ಸಾದವ್ರ ಜೊತೆ ಕೆಲಸ ಮಾಡ್ತಿದ್ದ ನೇಯೊಮಿ ಫೈಲ್ ಅನ್ನೋರು ಅದನ್ನ ಬಿಟ್ಟು ವ್ಯಾಲಿಡೇಶನ್ ಅನ್ನೋ ಬೇರೆ ದಾರಿ ಹಿಡಿದ್ರು, ತಿದ್ದೋದೂ ಬೇಡ, ಹೂಂಗುಟ್ಟೋದೂ ಬೇಡ, ಆ ಮಾತಿನ ಹಿಂದೆ ಇರೋ ಭಾವನೆಗೆ ಉತ್ತರ ಕೊಡಿ ಅಂತ. ಜರ್ಮನಿಯ ಕೆಲವು ಆರೈಕೆ ಕೇಂದ್ರಗಳಲ್ಲಿ ಬಸ್ಸೇ ಬರದ ಬಸ್ ಸ್ಟಾಪ್ ಕಟ್ಟಿದಾರೆ, ಮನೆಗೆ ಹೋಗ್ಬೇಕು ಅಂತ ಹಠ ಹಿಡಿದೋರು ಅಲ್ಲಿ ಹೋಗಿ ಕೂತು, ಸ್ವಲ್ಪ ಹೊತ್ತಿಗೆ ಸಮಾಧಾನ ಆಗಿ ವಾಪಸ್ ಬರ್ತಾರೆ. ಅದು ಕರುಣೆನಾ ಮೋಸಾನಾ ಅಂತ ಇನ್ನೂ ವಾದ ಇದೆ. ನಂಗೆ ಮಾತ್ರ ಆ ಬಸ್ ಸ್ಟಾಪ್ ಅಂದ್ರೆ ಹೊಟ್ಟೆ ಕಿವುಚುತ್ತೆ, ಅಲ್ಲಿ ಕೂತೋರ ಪಕ್ಕ ಯಾರಾದ್ರೂ ಕೂತಿದ್ರೆ ಒಪ್ತೀನಿ, ಒಬ್ಬರೇ ಕೂತಿದ್ರೆ ಒಪ್ಪಲ್ಲ.

ಬ್ರಿಟನ್ನಿನ ಮೆಂಟಲ್ ಹೆಲ್ತ್ ಫೌಂಡೇಶನ್ 2016ರಲ್ಲಿ ಇದೇ ವಿಷಯ, ಡಿಮೆನ್ಷಿಯಾ (ಆಲ್ಝೈಮರ್ಸ್ ಥರದ ಮರೆವಿನ ಕಾಯಿಲೆಗಳಿಗೆಲ್ಲ ಸೇರಿಸಿ ಹೇಳೋ ಹೆಸರು) ಇರೋರಿಗೆ ನಿಜ ಹೇಳೋದು ಸುಳ್ಳು ಹೇಳೋದರ ಬಗ್ಗೆ, ವರದಿ ತಂದಿದೆ. ಅದ್ರಲ್ಲಿ ನಂಗೆ ಹಿಡಿಸಿದ್ದು ಏನಂದ್ರೆ ನಿಜ ಒಂದು ಕಡೆ ಸುಳ್ಳು ಒಂದು ಕಡೆ ಅಂತ ಎರಡೇ ಮನೆ ಇಲ್ಲ, ನಡುವೆ ಮೆಟ್ಟಿಲುಗಳಿವೆ. ಪೂರ್ತಿ ನಿಜ ಹೇಳೋದು, ಪ್ರಶ್ನೆ ಹಿಂದಿನ ಬೇರೆ ಅರ್ಥ ಹುಡುಕೋದು, ಗಮನ ಬೇರೆ ಕಡೆ ತಿರುಗಿಸೋದು, ಅವ್ರ ನಂಬಿಕೆ ಜೊತೆ ಹೋಗೋದು, ಕೊನೆಗೆ ಸುಳ್ಳು. ಆದಷ್ಟೂ ನಿಜದ ಹತ್ತಿರದ ಮೆಟ್ಟಿಲಿಂದ ಶುರು ಮಾಡ್ಬೇಕು. ಅಣ್ಣ ಅತ್ತಿಗೆ ಇಬ್ಬರೂ ಈ ತುದಿ ಆ ತುದಿಲಿ ನಿಂತು ಕೂಗಾಡ್ತಿದ್ರು, ನಡುವೆ ಇಷ್ಟೊಂದು ಜಾಗ ಇದೆ ಅಂತ ಗೊತ್ತಾದ್ಮೇಲೆ ಇಬ್ಬರ ಧ್ವನೀನೂ ಇಳೀತು.

ಆ ನರ್ಸ್ ಹೇಳಿದ ಹಾಗೆ ಒಂದು ನೋಟ್ ಪುಸ್ತಕ ಇಟ್ವಿ. ಅಮ್ಮ ಯಾವಾಗ ಕೇಳಿದ್ಲು, ಆಗ ಏನು ಮಾಡ್ತಿದ್ಲು, ಯಾರು ಏನು ಹೇಳಿದ್ರು, ಆಮೇಲೆ ಏನಾಯ್ತು, ಇಷ್ಟೇ. ಬರೀತಾ ಹೋದ ಹಾಗೆ ಕಾಣ್ತು, ಒಂದೇ ಪ್ರಶ್ನೆ ಅಂತ ನಾವಂದ್ಕೊಂಡಿದ್ದು ಒಂದೇ ಅಲ್ಲ. ಬೆಳಿಗ್ಗೆ ಕೇಳಿದ್ರೆ ಸುಮ್ನೆ ಯಾರಾದ್ರೂ ಜೊತೆ ಕೂರಲಿ ಅಂತ. ಪರ್ಸ್ ತೆಗೆದು ಹುಡುಕಾಡ್ತಾ ಕೇಳಿದ್ರೆ ಹಣದ ಚಿಂತೆ, ಮನೆ ಖರ್ಚಿಗೆ ಏನು ಮಾಡೋದು ಅಂತ, ಅಪ್ಪ ತಾನೇ ಅದನ್ನೆಲ್ಲ ನೋಡ್ಕೊಳ್ತಿದ್ದಿದ್ದು. ಹೊತ್ತು ಇಳಿಯೋ ಸಮಯದ ಪ್ರಶ್ನೆ ಬರೀ ಹೆದರಿಕೆ, ಈ ಕಾಯಿಲೇಲಿ ಸಂಜೆ ಆಗ್ತಾ ಗಲಿಬಿಲಿ ಹೆಚ್ಚಾಗೋದು ಸಾಮಾನ್ಯ.

ಆಮೇಲಿಂದ "ಅವ್ರೆಲ್ಲಿ" ಅಂತ ಬೆಳಿಗ್ಗೆ ಕೇಳಿದ್ರೆ "ಅಪ್ಪನ ನೆನಪಾಯ್ತಾ ಅಮ್ಮ?" ಅಂತ ಕೂರ್ತೀವಿ. ಅದ್ರಲ್ಲಿ ಸುಳ್ಳಿಲ್ಲ, ಏಟೂ ಇಲ್ಲ. ಎಷ್ಟೋ ಸಲ ಅಷ್ಟು ಸಾಕು, ಅಪ್ಪ ಅವಳನ್ನ ಮೊದಲ ಸಲ ನೋಡೋಕೆ ಬಂದಾಗ ಮಾತೇ ಆಡದೆ ಕೂತಿದ್ದು, ವಾಪಸ್ ಹೋಗಿ ಕಾಗದ ಬರ್ದಿದ್ದು ಎಲ್ಲ ಹೇಳ್ತಾಳೆ, ನಾವು ಯಾವತ್ತೂ ಕೇಳದ ಕಥೆಗಳು. ಹಣದ ಚಿಂತೆ ಇದ್ದಾಗ "ದುಡ್ಡೆಲ್ಲ ಭದ್ರವಾಗಿದೆ, ಅಣ್ಣ ನೋಡ್ಕೊಳ್ತಿದಾನೆ" ಅಂತೀವಿ, ಅದೂ ನಿಜವೇ. ಸಂಜೆ ಹೆದರಿದಾಗ "ಅಪ್ಪ ಈಗ ಇಲ್ಲಿಲ್ಲ, ನಾನಿದೀನಲ್ಲ, ಎಲ್ಲೂ ಹೋಗಲ್ಲ" ಅಂತ ಕೈ ಹಿಡ್ಕೊಂಡು ಕೂರೋದು, ಎಲ್ಲ ಲೈಟ್ ಹಾಕೋದು. ಬರ್ತಾರೆ ಅಂತ ಹೇಳೋದನ್ನ ಆದಷ್ಟೂ ಬಿಟ್ವಿ. ಎಲ್ಲಾ ಸಲ ಇದು ನಡೆಯುತ್ತೆ ಅಂತ ಹೇಳಲ್ಲ, "ಮಾತು ಮರೆಸ್ಬೇಡ, ಕೇಳಿದ್ದಕ್ಕೆ ಉತ್ರ ಕೊಡು" ಅಂತ ಗದರಿದ ದಿನಾನೂ ಇವೆ.

ಹಾಗೆ ಒಂದು ಬೆಳಿಗ್ಗೆ ಅಪ್ಪನ ಫೋಟೋ ಕೈಲಿ ಹಿಡ್ಕೊಂಡು ನನ್ನ ಕಣ್ಣಿಗೆ ಕಣ್ಣಿಟ್ಟು ಕೇಳಿದ್ಲು, "ಇವ್ರು ಇಲ್ಲ ಅಲ್ವೇನೇ? ನಿಜ ಹೇಳು." ಗಲಿಬಿಲಿ ಇರ್ಲಿಲ್ಲ, ಧ್ವನಿ ನಡುಗ್ತಿರ್ಲಿಲ್ಲ, ಹಳೇ ಅಮ್ಮ. ಆ ಹೊತ್ತಲ್ಲಿ ಜಾರಿಕೊಂಡಿದ್ರೆ ಅದು ಕರುಣೆ ಆಗ್ತಿರ್ಲಿಲ್ಲ. "ಹೌದಮ್ಮ, ಅಪ್ಪ ಇಲ್ಲ" ಅಂದೆ. ಅತ್ಲು, ನಾನೂ ಅತ್ತೆ. "ನರಳಿದ್ರಾ?" ಅಂತ ಕೇಳಿದ್ಲು. ಕೊನೇ ಹೊತ್ತಲ್ಲಿ ಅಪ್ಪನ ಪಕ್ಕ ಇದ್ದಿದ್ದು ಅಣ್ಣ, ಅವನನ್ನ ಕರೆದೆ, ಅವನೇ ಹೇಳಿದ, ನಿದ್ದೇಲೇ ಹೋದ್ರು ಅಂತ. ಅವತ್ತಿನ ಅಳು ಬೇರೆ ಥರ ಇತ್ತು, ಯಾರೋ ಹೊಡೆದ ಹಾಗಲ್ಲ, ಮೂರು ಜನ ಕೂಡಿ ಒಬ್ಬರನ್ನ ನೆನೆಸ್ಕೊಂಡ ಹಾಗೆ. ಸಂಜೆ ತಳಮಳ ಬರ್ಲಿಲ್ಲ.

ಅವತ್ತು ರಾತ್ರಿ ಅಣ್ಣ ಬಾಯಿ ಬಿಟ್ಟ. "ನೀವು ಬರ್ತಾರೆ ಬರ್ತಾರೆ ಅಂದಾಗ್ಲೆಲ್ಲ ಅಪ್ಪ ಸತ್ತಿದ್ದು ಈ ಮನೇಲಿ ನನ್ನೊಬ್ಬನಿಗೇ ಗೊತ್ತು ಅನ್ನಿಸ್ತಿತ್ತು" ಅಂದ. ಇಷ್ಟು ದಿನ ಅವನ ಹಠಾನ ಬರೀ ತತ್ವ ಅಂದ್ಕೊಂಡು ವಾದ ಮಾಡ್ತಿದ್ವಿ, ಅದು ತತ್ವ ಅಲ್ಲ, ಅಳು. ಹಾಗೇ ಅತ್ತಿಗೆದೂ. ಹೇಗಿದೀಯ ಅಂದ್ರೆ "ಚೆನ್ನಾಗಿದೀನಿ, ಅಭ್ಯಾಸ ಆಗಿದೆ" ಅಂತಾನೇ ಇದ್ಲು, ಗಂಡನಿಗೆ ನೋವಾಗ್ಬಾರ್ದು ಅಂತ. ರಾತ್ರಿ ನಾಕು ಸಲ ಏಳ್ತಿದ್ಲು, ಸೊಂಟ ಹಿಡ್ಕೊಂಡಿತ್ತು, ಒಂದೊಂದು ಸಲ ಆ ಪ್ರಶ್ನೆ ಕೇಳಿದ್ರೆ ಕಿರುಚಿಬಿಡೋಣ ಅನ್ನಿಸುತ್ತೆ ಅಂತ ಆ ರಾತ್ರಿ ಹೇಳ್ಕೊಂಡ್ಲು. ನನ್ನ ಕೇಳಿದ್ರೆ ಇಂಥ ಮನೆಗಳಲ್ಲಿ ಅಪಾಯ ಮಾಡೋ ಸುಳ್ಳು ಇದೇ, ಕಾಯಿಲೆ ಇರೋರಿಗೆ ಹೇಳೋದಲ್ಲ, ನೋಡ್ಕೊಳೋರು ಒಬ್ಬರಿಗೊಬ್ಬರು ಹೇಳ್ಕೊಳೋದು. ಆಮೇಲೆ ರಾತ್ರಿ ಪಾಳಿ ಹಂಚ್ಕೊಂಡ್ವಿ, ಶನಿವಾರ ಭಾನುವಾರ ನಾನು ಬಂದಿರ್ತೀನಿ, ಅತ್ತಿಗೆ ಆ ಎರಡು ದಿನ ಪೂರ್ತಿ ಹೊರಗೆ.

ಕೆಲವು ವಿಷಯ ಗಟ್ಟಿ ಮಾಡ್ಕೊಂಡಿದೀವಿ. ನೇರವಾಗಿ, ತಿಳಿಯಾಗಿದ್ದಾಗ ಕೇಳಿದ್ರೆ ನಿಜ. ಸಹಿ, ಹಣ, ಆಸ್ತಿ ವಿಷಯದಲ್ಲಿ ಯಾವ ಕಾರಣಕ್ಕೂ ಪುಸಲಾಯಿಸೋದು ಇಲ್ಲ. ಮಾತ್ರೆ ಬೇಡ ಅಂದಾಗ ಊಟದಲ್ಲಿ ಕದ್ದು ಬೆರೆಸೋಣ ಅಂತ ಒಬ್ಬರು ಸಲಹೆ ಕೊಟ್ಟಿದ್ರು, ಅದನ್ನ ಡಾಕ್ಟರ್ ಕೇಳದೆ ಮಾಡಲೇಬಾರ್ದು, ಪುಡಿ ಮಾಡಬಾರದ ಮಾತ್ರೆಗಳಿರ್ತವೆ, ಅಮ್ಮ ಅಂತೂ ಮಾತ್ರೆ ಕೊಡೋ ಹೊತ್ತು ಬದಲಿಸಿದ್ಮೇಲೆ ತಾನೇ ತಗೊಳೋಕೆ ಶುರು ಮಾಡಿದ್ಲು. ಮನೆಗೆ ಬರೋರಿಗೆ ಫೋನಲ್ಲೇ ಮೊದ್ಲೇ ಹೇಳಿಬಿಡ್ತೀವಿ, ಅಮ್ಮ ಅಪ್ಪನ್ನ ಕೇಳಿದ್ರೆ "ಅಯ್ಯೋ ಅವ್ರು ಹೋಗಿ ಎಷ್ಟು ವರ್ಷ ಆಯ್ತಲ್ಲ" ಅಂತ ದಯವಿಟ್ಟು ಅನ್ಬೇಡಿ ಅಂತ. ಅಣ್ಣ ಇವತ್ತಿಗೂ ಬರ್ತಾರೆ ಅನ್ನೋ ಪದ ಬಾಯಲ್ಲಿ ತರಲ್ಲ. ಅತ್ತಿಗೆ ಬೇರೆ ಯಾವುದೂ ನಡೀದೇ ಇದ್ದಾಗ ಅಪರೂಪಕ್ಕೆ ಅಂತಾಳೆ, ಅಂದಿದ್ದನ್ನ ಪುಸ್ತಕದಲ್ಲಿ ಬರೆದಿಡ್ತಾಳೆ. ಅದ್ರ ಮೇಲೆ ಈಗ ಜಗಳ ಇಲ್ಲ.

ಇತ್ತೀಚೆಗೆ ಸೋದರಮಾವ ತೀರ್ಕೊಂಡ್ರು, ಅಮ್ಮನ ತಮ್ಮ. ಹೇಳೋದಾ ಬೇಡವಾ ಅಂತ ಮತ್ತೆ ಕೂತ್ವಿ, ಈ ಸಲ ಕೂಗಾಟ ಇರ್ಲಿಲ್ಲ. ಅಪ್ಪನ ಸಾವು ಅಮ್ಮ ಒಂದು ಸಲ ಪೂರ್ತಿ ಅನುಭವಿಸಿದ್ದು, ಇದು ಹಾಗಲ್ಲ, ಅವಳಿಗೆ ಗೊತ್ತೇ ಆಗದ ಸಾವು. ಒಡಹುಟ್ಟಿದವನಿಗಾಗಿ ಅಳೋ ಹಕ್ಕು ಅವಳದ್ದು, ಒಂದು ಸಲ ಹೇಳ್ಬೇಕು ಅಂತ ಮೂವರೂ ಒಪ್ಪಿದ್ವಿ. ಬೆಳಿಗ್ಗೆ, ಅವಳು ಚೆನ್ನಾಗಿರೋ ಹೊತ್ತಲ್ಲಿ, ಮೂವರೂ ಪಕ್ಕ ಕೂತು ಹೇಳಿದ್ವಿ, ಅಣ್ಣ ಕರ್ಕೊಂಡು ಹೋಗಿ ಕೊನೇ ಸಲ ಮುಖ ತೋರಿಸ್ಕೊಂಡು ಬಂದ. ಮಾರನೇ ದಿನ "ತಮ್ಮ ಫೋನೇ ಮಾಡಿಲ್ಲ" ಅಂದ್ಲು. ಅಣ್ಣನೇ ಕುರ್ಚಿ ಎಳ್ಕೊಂಡು ಕೂತು, "ಮಾವ ಚಿಕ್ಕೋನಿದ್ದಾಗ ನಿನ್ನ ತುಂಬಾ ಕಾಡ್ತಿದ್ನಂತೆ ಹೌದಾಮ್ಮ?" ಅಂತ ಕೇಳಿದ.